ಸತ್ತವನ ಕೈಬರಹ

ಮುನ್ನೂರು ವರ್ಷದ ಹಿಂದೆ ಸತ್ತ ಸಂತ ವಿನಿಬರ್ಟರು ನಮ್ಮ ಇಗರ್ಜಿಯ ಬಲಿಪೂಜೆಯ ಪುಸ್ತಕವನ್ನು ಕೈಯಾರೆ ಬರೆದರೆಂದು ಮಠಾಧಿಪತಿ ಫೋಲ್ಕ್‌ಮಾರ್ ಸ್ವಾಮಿಗಳು ಈ ಈಸ್ಟರಿಗೆ ಕಂಡುಹಿಡಿದರು. ನಿಜಕ್ಕೂ ಬರೆದವಳು ಮಠದ ಸನ್ಯಾಸಿನಿ ರಿಕ್ಲಿಂಡ್ ಅಕ್ಕ. ಮೊಸೆಲ್ ನದಿಯ ಗಾಳಿ ನುಗ್ಗುವ ಕಿಟಕಿಯಲ್ಲಿ ಒಂಬತ್ತು ಚಳಿಗಾಲ ಕೂತು, ಅದರ ಲ್ಯಾಟಿನ್ನನ್ನು ಅಕ್ಷರ ಅಕ್ಷರವಾಗಿ ಇಳಿಸಿ ಕಣ್ಣು ಕಳೆದುಕೊಂಡವಳು. ಅವಳಿಗೆ ಕರುವಿನ ತೊಗಲು ಕೆರೆದು ಹಾಳೆ ಮಾಡಿಕೊಟ್ಟವಳು ನಾನು. ಸಂತರು ಒಂದು ದಿನವೂ ನೆರವಿಗೆ ಬರಲಿಲ್ಲ.

ಬರೆದವರು ಕೊನೆಯ ಹಾಳೆಯಲ್ಲಿ ಹೆಸರು ಹಾಕುವುದು ರೂಢಿ; ಅಕ್ಕನೂ ಹಾಕಿದ್ದಳು. ಓದಿದವರು ಆ ಆತ್ಮಕ್ಕೊಂದು ಪ್ರಾರ್ಥನೆ ಹೇಳಲಿ ಎಂದು. ಹಾಸಿಗೆ ಹಿಡಿದ ಅಕ್ಕನಿಗೆ ಉಳಿದಿದ್ದ ಆಸೆ ಅದೊಂದೇ.

ಸ್ವಾಮಿಗಳು ಪುಸ್ತಕ ತಂದು ನನ್ನ ಮುಂದಿಟ್ಟರು. "ಆ ಹೆಸರು ಕೆರೆದುಹಾಕು, ಓಡಾ. ನಿನ್ನ ಕಸುಬೇ ಅಲ್ವಾ?"

"ಇದ್ರೆ ಏನಾಗುತ್ತೆ ಸ್ವಾಮಿ?"

"ಸಂತರು ಬರೆದದ್ದು ಅಂದ್ರೆ ಯಾತ್ರಿಕರು ಬರ್ತಾರೆ. ಕುರುಡು ಮುದುಕಿ ಬರೆದದ್ದನ್ನ ಯಾರು ಮುಟ್ತಾರೆ?"

ನಾನು ನವೆಂಬರ್ ಹಬ್ಬಗಳ ಹಾಳೆ ತೆರೆದೆ. "ನೋಡಿ, ಇಲ್ಲಿ ಸಂತ ವಿನಿಬರ್ಟರ ಹಬ್ಬದ ಪೂಜೆಯೇ ಇದೆ. 'ಸ್ವರ್ಗ ಸೇರಿದ ವಿನಿಬರ್ಟರೇ, ನಮಗಾಗಿ ಬೇಡಿಕೊಳ್ಳಿ.' ಬದುಕಿದ್ದಾಗಲೇ ತಮಗೆ ತಾವೇ ಪೂಜೆ ಬರ್ಕೊಂಡ್ರಾ?"

ಪಕ್ಕದಲ್ಲಿ ಒಣ ಬಟಾಣಿ ಆರಿಸುತ್ತಿದ್ದ ಅಡುಗೆಯ ಬರ್ಟ್ರಾಡ, "ತನ್ನ ತಿಥಿಯೂಟಕ್ಕೆ ತಾನೇ ಊರೆಲ್ಲ ಕರೆದ ಹಾಗಾಯ್ತು ಬಿಡೇ," ಎಂದಳು.

ಸ್ವಾಮಿಗಳ ಮುಖ ಹುಳಿ ಬಿಯರ್ ಕುಡಿದಂತಾಯಿತು. ಗಳಿಗೆಯಷ್ಟೇ. ಆಮೇಲೆ ಕಣ್ಣರಳಿತು. "ಸಂತರಿಗೆ ಮುಂದಾಗೋದು ಕಾಣುತ್ತೆ ತಾಯಿ. ಇದೇ ಪವಾಡ. ನಾಳೆಯ ಪ್ರವಚನದಲ್ಲಿ ಹೇಳಿಬಿಡ್ತೀನಿ."

ಇಂಥವರ ಸುಳ್ಳನ್ನು ಹಿಡಿದು ತೋರಿಸಬಾರದು. ಅದಕ್ಕೂ ಬಂಗಾರದ ಕಟ್ಟು ಹಾಕಿಸುತ್ತಾರೆ.

"ನಾನು ಕೆರೆಯಲ್ಲ," ಎಂದೆ.

ಅವರೇ ಚಾಕು ಹಿಡಿದರು. ಜೀವಮಾನದಲ್ಲಿ ಉಪಕರಣ ಮುಟ್ಟದ ಕೈ. ಹೆಸರಿದ್ದಲ್ಲಿ ಹೆಬ್ಬೆರಳಗಲ ತೂತು ಬಿತ್ತು.

ಅಕ್ಕನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. "ಹಾಳೆ ಒಳ್ಳೇದಿತ್ತಲ್ಲೇ, ಓಡಾ," ಎಂದಳು. ಈಸ್ಟರ್ ಕಳೆದು ಏಳು ವಾರಕ್ಕೆ, ಪೆಂತೆಕೋಸ್ತ್ ಹಬ್ಬದ ವಾರ, ತೀರಿಕೊಂಡಳು.

ಈಗ ಯಾತ್ರಿಕರು ಆ ತೂತಿಗೆ ಮುತ್ತಿಡುತ್ತಾರೆ. ಸಂತರು ಬೆರಳೂರಿದ ಜಾಗವಂತೆ. ಹೊರಬಂದವರನ್ನು ನಾನು ಬಾಗಿಲಲ್ಲಿ ತಡೆದು, ರಿಕ್ಲಿಂಡ್ ಹೆಸರಲ್ಲೊಂದು ಪ್ರಾರ್ಥನೆ ಹೇಳಿ ಎನ್ನುತ್ತೇನೆ. ಹೆಚ್ಚಿನವರು ಹುಚ್ಚಿಯೆಂದು ದೂರ ಸರಿಯುತ್ತಾರೆ. ಮೊನ್ನೆ ಬಟ್ಟೆ ಒಗೆಯುವ ಹೆಂಗಸೊಬ್ಬಳು ನಿಂತು, "ಇನ್ನೊಂದ್ಸಲ ಹೇಳವ್ವ ಆ ಹೆಸರು," ಎಂದಳು.