ಹಿಂದೂಪುರದ ಹಳೇ ಜೀನು

ಓಬುಳೇಶ ಗೂಟದಿಂದ ಕುದುರೆಯ ಜೀನು ಇಳಿಸಿ, ಒದ್ದೆ ಬಟ್ಟೆಯಿಂದ ಅದರ ಧೂಳು ಒರೆಸುತ್ತಿದ್ದ. ಅದೇ ನೆಪದಲ್ಲಿ ತನ್ನ ಕಣ್ಣನ್ನೂ ತೋಳಿನಿಂದ ಒರೆಸಿಕೊಳ್ಳುತ್ತಿದ್ದುದು ಅವನ ತಾಯಿ ನಾಗಕ್ಕನಿಗೆ ಕಾಣುತ್ತಿತ್ತು. ಪಡಸಾಲೆಯ ಚಾಪೆಯ ಮೇಲೆ ಅವಳ ಗಂಡ ನರಸಿಂಹಪ್ಪ ಮಲಗಿದ್ದ. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವನು ಹಾಗೇ ಹೋಗಿಬಿಟ್ಟಿದ್ದ. ಯಾರಿಗೂ ತೊಂದರೆ ಕೊಡದೆ ಹೋದ ಪುಣ್ಯಾತ್ಮ ಎಂದು ಬಂದವರೆಲ್ಲ ಹೇಳುತ್ತಿದ್ದರು. ಇದ್ದಾಗ ಕೊಟ್ಟ ತೊಂದರೆ ಇವರಿಗೇನು ಗೊತ್ತು ಎಂದುಕೊಂಡ ನಾಗಕ್ಕನಿಗೆ ಅಂಥ ದುಃಖದಲ್ಲೂ ಸಣ್ಣಗೆ ನಗು ಬಂತು.

"ಸರ್ಯಾಗಿ ಒರಸ್ಲಾ," ಎಂದಳು ಸತ್ತವನ ಅಕ್ಕ ಆದೆಮ್ಮ. "ನನ್ ತಮ್ಮ ಅಲ್ಲೋಗಿ ಧೂಳಿನ ಮ್ಯಾಲೆ ಕುಂತ್ಕಬೇಕಾ?"

ಆ ಮನೆತನದಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಸತ್ತವರು ಆಸೆಪಟ್ಟು ಇಟ್ಟುಕೊಂಡಿದ್ದ ಒಂದು ವಸ್ತುವನ್ನು ಗುಂಡಿಯಲ್ಲಿ ಜೊತೆಗಿಡುವುದು ಅವರ ಪದ್ಧತಿ. ಇಲ್ಲದಿದ್ದರೆ ಜೀವ ಅದನ್ನು ಹುಡುಕಿಕೊಂಡು ಮನೆಗೆ ಬರುತ್ತದಂತೆ. ನಾಗಕ್ಕನ ಮಾವನ ಜೊತೆ ಎಲೆಅಡಿಕೆ ಚೀಲ ಹೋಗಿತ್ತು, ಅತ್ತೆಯ ಜೊತೆ ಉಣ್ಣುವ ತಟ್ಟೆ. ನರಸಿಂಹಪ್ಪನಿಗೆ ಏನಿಡಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಂಬದೂರಿನ ಕಡೆಯ ಆ ಊರಿನಲ್ಲಿ ಕುದುರೆ ಸಾಕಿದವನು ಅವನೊಬ್ಬನೇ, ಈ ಜೀನಿಗಾಗಿ ಹಿಂದೂಪುರಕ್ಕೆ ಬಸ್ಸು ಹತ್ತಿ ಹತ್ತಿ ಇಳಿದವನೂ ಅವನೇ.

ವಿಚಿತ್ರವೆಂದರೆ, ಅವನು ಅದರ ಮೇಲೆ ಕೂತದ್ದನ್ನು ಊರು ಒಂದು ದಿನವೂ ನೋಡಿರಲಿಲ್ಲ. ದಿನಾ ಬೆಳಿಗ್ಗೆ ಕುದುರೆಗೆ ಜೀನು ಬಿಗಿದು, ಹಗ್ಗ ಹಿಡಿದು, ಹೆಂಡತಿಯ ಜೊತೆ ನಡೆದೇ ಗುಡ್ಡದ ಹೊಲದ ಕಡೆ ಹೋಗುತ್ತಿದ್ದ.

"ಕುದ್ರೆ ಇಟ್ಕಂಡು ನಡ್ದೂ ನಡ್ದೂ ಸತ್ತ ಕಣಪ್ಪ," ಎಂದ ಪಕ್ಕದ ಮನೆಯ ವೆಂಕಟರಮಣಪ್ಪ. "ಕುಂತ್ರೆ ಜೀನು ಎಲ್ಲಿ ಸವದೋಯ್ತದೋ ಅಂತ ಭಯ."

ತುಂಬಿದ ವಯಸ್ಸಿನ ಸಾವು, ಅಂಗಳದಲ್ಲಿದ್ದವರು ನಕ್ಕರು. ಓಬುಳೇಶನೂ ನಕ್ಕ. ನಾಗಕ್ಕ ಮಾತ್ರ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಜೀನನ್ನೇ ನೋಡುತ್ತಿದ್ದಳು. ಅದು ಮಣ್ಣಿಗೆ ಹೋದರೆ ಅವಳು ಮತ್ತೆ ಆ ಹೊಲ ಕಾಣುವ ಹಾಗಿರಲಿಲ್ಲ. ಗಂಡನ ಗುಂಡಿ ತೋಡುತ್ತಿದ್ದುದೂ ಅಲ್ಲಿಯೇ. ಬಾಯಿ ಬಿಟ್ಟರೆ ಊರೆಲ್ಲ ನಗುತ್ತದೆ, ಬಿಡದಿದ್ದರೆ ಈ ಹೊಸ್ತಿಲೇ ಗತಿ.

*

ನಾಗಕ್ಕನ ಮಂಡಿಗಳು ಕೈಕೊಟ್ಟ ವರ್ಷ ಶುರುವಾದ ಕತೆ ಅದು. ಗುಡ್ಡದ ಕಲ್ಲುದಾರಿಗೆ ಆಟೋ ಬರುವುದಿಲ್ಲ, ಬೈಕು ಜಾರುತ್ತದೆ. ಒಂದು ದಿನ ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಕೂತು ಅವಳು ಅತ್ತುಬಿಟ್ಟಳು. ಮದುವೆಯಾಗಿ ಬಂದ ಹೊಸದರಲ್ಲಿ ತಾನೇ ಕಲ್ಲು ಆಯ್ದು ಹಸನು ಮಾಡಿದ ಹೊಲ. ಅದನ್ನು ಬಿಟ್ಟು ಮನೆಯಲ್ಲಿ ಕೂರುವುದೆಂದರೆ ಅವಳಿಗೆ ಉಸಿರು ಕಟ್ಟಿದಂತೆ. ನರಸಿಂಹಪ್ಪ ಸ್ವಲ್ಪ ದಿನಕ್ಕೆ ಕಲ್ಯಾಣದುರ್ಗದಿಂದ ಒಂದು ಗಿಡ್ಡ ಹೆಣ್ಣು ಕುದುರೆ ಹೊಡೆದುಕೊಂಡು ಬಂದ. ಮದುವೆ ಮೆರವಣಿಗೆಯಲ್ಲಿ ಪಟಾಕಿಗೆ ಬೆದರಿ ಮದುಮಗನನ್ನು ಕೆಡವಿದ ಕುದುರೆ. ಗೋಧಿ ಬಣ್ಣದ್ದೆಂದು ಅದಕ್ಕೆ ಗೋಧಿ ಎಂದೇ ಹೆಸರಾಯಿತು.

ಬರೀ ಬೆನ್ನಿನ ಮೇಲೆ ನಾಗಕ್ಕ ನಿಲ್ಲದೆ ಜಾರಿದಳು. ಹಿಂದೂಪುರದಲ್ಲಿ ಜಟಕಾ ಕಾಲದ ಹಳೇ ಸಾಮಾನು ಮಾರುವವನ ಹತ್ತಿರ ಜೀನುಗಳಿವೆ ಎಂದು ಯಾರೋ ಹೇಳಿದರು. ನರಸಿಂಹಪ್ಪ ಒಂದು ತಂತಿಯನ್ನು ಗೋಧಿಯ ಬೆನ್ನಿಗೆ ಒತ್ತಿ ಬಗ್ಗಿಸಿ, ಆ ಅಳತೆ ಹಿಡಿದು ಬಸ್ಸು ಹತ್ತಿದ. ಬಸ್ಸಿನ ನೂಕುನುಗ್ಗಲಿನಲ್ಲಿ ತಂತಿ ಹೇಗೆ ಹೇಗೋ ಬಗ್ಗಿತು, ಇವನು ನೋಡಿಕೊಳ್ಳಲಿಲ್ಲ. ತಂದ ಜೀನು ಗೋಧಿಯ ಭುಜಕ್ಕೆ ಒತ್ತಿ ಗಾಯವಾಯಿತು.

"ಇದು ಬಸ್ಸಿನ ಜನಕ್ಕೆ ಹೊಲ್ದಿರ ಜೀನು," ಎಂದಳು ನಾಗಕ್ಕ. "ನಮ್ ಕುದ್ರೆಗಲ್ಲ."

ಗಾಯ ಮಾಯ್ದ ಮೇಲೆ ಅವನು ಗೋಣಿಚೀಲವನ್ನು ಸಗಣಿ ಮಣ್ಣಿನ ರಾಡಿಯಲ್ಲಿ ಅದ್ದಿ ಗೋಧಿಯ ಬೆನ್ನಿಗೆ ಹೊದಿಸಿದ. ಅದು ಒಣಗುವ ತನಕ ನಾಗಕ್ಕ ಬಿಸಿಲಲ್ಲಿ ನಿಂತು ಕುದುರೆಗೆ ಕಡ್ಲೆಕಾಯಿ ಬಳ್ಳಿ ತಿನ್ನಿಸಿದಳು. ಬೆನ್ನಿನ ಆಕಾರಕ್ಕೆ ಗಟ್ಟಿಯಾದ ಗೋಣಿಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅವನು ಮತ್ತೆ ಹಿಂದೂಪುರಕ್ಕೆ ಹೋದ. ಈ ಸಲದ ಜೀನು ಗೋಧಿಗೆ ಸರಿಯಾಗಿ ಕೂತಿತು. ನಾಗಕ್ಕನಿಗೆ ಮಾತ್ರ ಆಗಲಿಲ್ಲ, ಸೊಂಟ ಹಿಡಿಸಲೇ ಇಲ್ಲ.

"ಕುದ್ರೆ ಅಳ್ತೆ ತಕ್ಕಂಡೋದೆ," ಎಂದು ಅವನು ತಲೆ ಕೆರೆದುಕೊಂಡ. "ನಿನ್ನ ಅಳ್ತೆ ಮರ್ತೇಬುಟ್ಟೆ."

"ನಂಗೂ ಸಗಣಿ ಬಳೀಬೇಕು ಅಂತಿದ್ಯಾ?"

"ಬ್ಯಾಡ. ನಿನ್ನೇ ಕರ್ಕಂಡೋಯ್ತೀನಿ."

ಹೀಗೆ ಅವರಿಬ್ಬರೂ ಗೋಣಿಯ ಅಚ್ಚಿನ ಜೊತೆ ಹಿಂದೂಪುರದ ಬಸ್ಸು ಹತ್ತಿದರು. ಅಂಗಡಿಯ ಹಿತ್ತಲಿನಲ್ಲಿ ಹುಲ್ಲಿನ ಮೂಟೆ, ಅದರ ಮೇಲೆ ಗೋಣಿ, ಗೋಣಿಯ ಮೇಲೆ ಜೀನು, ಎಲ್ಲಕ್ಕೂ ಮೇಲೆ ನಾಗಕ್ಕ. ಅಂಗಡಿಯವನು ಒಂದೊಂದೇ ಜೀನು ತಂದು ಬದಲಾಯಿಸಿದ. ತಲೆ ಎತ್ತದೆ ಹತ್ತಿ ಇಳಿಯುತ್ತಿದ್ದ ನಾಗಕ್ಕ, ತೊಗಲು ತೇಪೆ ಹಾಕಿದ ಒಂದು ಅಗಲದ ಜೀನಿನ ಮೇಲೆ ಕೂತವಳು ಇಳಿಯಲೇ ಇಲ್ಲ.

"ಬಾಗುಂದಾಮ್ಮಾ?" ಎಂದು ಅಂಗಡಿಯವನು ತೆಲುಗಿನಲ್ಲಿ ಕೇಳಿದ.

"ಚೆನ್ನಾಗೈತೆ," ಎಂದಳು. ಅಷ್ಟು ಸುಖವಾಗಿ ಅವಳು ಯಾವ ಕುರ್ಚಿಯಲ್ಲೂ ಕೂತಿರಲಿಲ್ಲ.

ವಾಪಸು ಬರುವಾಗ ಅವಳಿಗೆ ದಿಗಿಲು ಹತ್ತಿತು. ಮುದುಕಿ ಕುದುರೆ ಹತ್ತಿದರೆ ಊರು ಬಿಟ್ಟೀತೇ? "ನಂದು ಅಂತ ಯಾರ್ಗೂ ಹೇಳ್ಬ್ಯಾಡ," ಎಂದು ಅವನ ಕೈ ಮೇಲೆ ಕೈಯಿಟ್ಟು ಮಾತು ತೆಗೆದುಕೊಂಡಳು.

"ಸರೆ, ನಂದೇ ಅಂತೀನಿ ಬಿಡು," ಎಂದ ನರಸಿಂಹಪ್ಪ. ಅಂದಿನಿಂದ ಊರು ದಾಟುವ ತನಕ ಜೀನು ಖಾಲಿ. ಗುಡ್ಡದ ತಿರುವಿನಲ್ಲಿ ಅವಳು ಹತ್ತುತ್ತಿದ್ದಳು, ಸಂಜೆ ಅಲ್ಲಿಯೇ ಇಳಿಯುತ್ತಿದ್ದಳು. ಊರಿನ ನಗುವನ್ನೆಲ್ಲ ಅವನೊಬ್ಬನೇ ಹೊತ್ತ, ಅದೂ ಖುಷಿಯಿಂದ.

*

ಚಟ್ಟ ಕಟ್ಟಿ ಮುಗಿಯಿತು. ಓಬುಳೇಶ ಜೀನನ್ನು ಹೆಗಲಿಗೇರಿಸಿದ.

"ಅದನ್ನ ಇಳಿಸ್ಲಾ," ಎಂದಳು ನಾಗಕ್ಕ.

"ಯಾಕಮ್ಮಾ?"

"ಅದು ನಿಮ್ಮಪ್ಪಂದಲ್ಲ. ನಂದು."

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು. ನಾಗಕ್ಕ ಕೈಚಾಚಿ ಜೀನನ್ನು ಹಿಡಿದುಕೊಂಡಳು. "ಗುಡ್ಡದ ತಿರುವಿನಿಂದ ದಿನಾ ನಾನೇ ಕುಂತು ಹೋಯ್ತಿದ್ದೆ. ನೀವು ನಗ್ತೀರ ಅಂತ ನಾನೇ ಅವ್ನ ಬಾಯಿ ಕಟ್ಟಿದ್ದೆ. ಹಿಂದೂಪುರದಾಗೆ ನನ್ನ ಕೂರ್ಸಿ ಕೂರ್ಸಿ ನೋಡಿ ತಂದಿರದು. ಇದನ್ನ ಹೂಳಿದ್ರೆ ನನ್ನೂ ಹೂಳ್ದಂಗೇಯ."

ಯಾರೂ ನಗಲಿಲ್ಲ. ವೆಂಕಟರಮಣಪ್ಪ ನೆಲ ನೋಡಿದ. ಆದೆಮ್ಮ ತಮ್ಮನ ಕಡೆ ತಿರುಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅದುಕ್ಕೇನ್ಲಾ ನಡೀತಿದ್ದೆ, ಕಳ್ ನನ್ಮಗನೆ," ಎಂದವಳ ದನಿ ಒಡೆಯಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ಗೊತ್ತಾಗಲಿಲ್ಲ. "ಮತ್ತೆ ಜೊತೆಗೇನು ಇಡಾದು ನಾಗಿ?"

"ಅವ್ನ ಚಪ್ಪಲಿ ಇಡಿ ಅತ್ತಿಗಮ್ಮ. ನನ್ನ ಕೂರ್ಸಿ ನಡೆಯಾದಂದ್ರೆ ಅವ್ನಿಗೆ ಅಷ್ಟು ಆಸೆ."

ಓಬುಳೇಶ ಮೂಗು ಒರೆಸಿಕೊಂಡು ಗೋಧಿಯನ್ನು ಬಾಗಿಲಿಗೆ ತಂದ. ಜೀನು ಬಿಗಿದು, ತಾಯಿಯ ಕಾಲಿಗೆ ತನ್ನ ಮೊಣಕಾಲು ಕೊಟ್ಟ. ಇಡೀ ಬೀದಿ ನೋಡುತ್ತಿರುವಾಗ ನಾಗಕ್ಕ ಹತ್ತಿ ಕೂತು ಸೆರಗು ಸರಿಮಾಡಿಕೊಂಡಳು. ಚಟ್ಟ ಎದ್ದಿತು. ಮೈಯೆಲ್ಲ ಹೂವಿನಲ್ಲಿ ಮುಚ್ಚಿತ್ತು, ಮುಖವೊಂದೇ ತೆರೆದಿತ್ತು. ನಡೆದು ಬರುವವರಿಗೆ ಹೊತ್ತವರ ಬೆನ್ನು, ಬಿದಿರು, ಹೂವು ಇಷ್ಟೇ ಕಾಣುತ್ತಿತ್ತು. ಮೇಲೆ ಕೂತ ನಾಗಕ್ಕನಿಗೆ ಮಾತ್ರ ಗುಡ್ಡದ ತನಕ, ದಾರಿಯುದ್ದಕ್ಕೂ, ಅವನ ಮುಖ ಕಾಣುತ್ತಿತ್ತು.