ಕಣ್ಣು ಹೊಗಳಿದವರ ಹೆಸರು

ಇಪ್ಪತ್ತು ವರ್ಷ ಬೆಳಗಿನ ಹೊತ್ತು ಚಹಾಕ್ಕೆ ಸಕ್ಕರೆ ಕಡಿಮೆ ಎನ್ನುವುದನ್ನು ಬಿಟ್ಟು ಬೇರೇನೂ ಆಡದ ನನ್ನ ಗಂಡ ವಾದಿರಾಜರು, ಈ ಸಂಕ್ರಾಂತಿಗೆ ಮುಂಚೆ ಇದ್ದಕ್ಕಿದ್ದಂತೆ ನನ್ನ ಕಣ್ಣು ಹೊಗಳತೊಡಗಿದರು. ಮರುದಿನ ಜಡೆ. ಆಮೇಲೆ ಮತ್ತೆ ಕಣ್ಣು. ಬೇರೆ ಹೆಂಗಸಾದರೆ ಹಿಗ್ಗುತ್ತಿದ್ದಳೋ ಏನೋ, ನನಗೆ ಮೈಯೆಲ್ಲ ಅನುಮಾನ.

ನನ್ನ ಕಸುಬೇ ಹಾಗೆ. ನಾಗಪುರದ ಕಾಲೇಜೊಂದರಲ್ಲಿ ಯುರೋಪಿನ ರೆನೆಸಾನ್ಸ್ ಕಾಲದ ಪ್ರೇಮಕವನ ಪಾಠ ಮಾಡುತ್ತೇನೆ. ಅಲ್ಲಿ ಕವಿ ಹೆಣ್ಣನ್ನು ರಾಣಿ ಅನ್ನುತ್ತಾನೆ, ತಾನು ಅವಳ ಆಳು ಅನ್ನುತ್ತಾನೆ, ಅವಳ ಕಣ್ಣಿಗೆ ಸೂರ್ಯನನ್ನೇ ನಿವಾಳಿಸುತ್ತಾನೆ. ಆದರೆ ಸಾನೆಟ್ಟಿನ ಹದಿನಾಲ್ಕು ಸಾಲಿನಲ್ಲಿ ಒಂದನ್ನೂ ಆ ರಾಣಿಯ ಮಾತಿಗೆ ಬಿಟ್ಟುಕೊಡುವುದಿಲ್ಲ. ಹೊಗಳಿಕೆ ಹೆಚ್ಚಾದಾಗ ಇವನಿಗೆ ಬೇಕಾಗಿರುವುದೇನು ನೋಡಿ ಎಂದು ಹುಡುಗಿಯರಿಗೆ ಹೇಳುವವಳು ನಾನೇ. ಮನೆಗೆ ಬಂದೊಡನೆ ಆ ಪಾಠ ಮರೆಯಲೇ?

ಪ್ರತಾಪ ನಗರದ ಗೆಳತಿ ಕಲಾವತಿಯ ಮನೆಯ ಅರಿಷಿಣ-ಕುಂಕುಮದಲ್ಲಿ ಗುಟ್ಟು ಹೊರಬಿತ್ತು. ಎಳ್ಳು-ಬೆಲ್ಲ ಕೈಗಿಡುತ್ತ ಆಕೆ, "ರಾಯರಿಗೆ ಹುಬ್ಬಳ್ಳಿಗೆ ವರ್ಗ ಆತಂತಲ್ಲ. ನೀ ನೌಕರಿ ಬಿಡ್ತೀ ಅಂತ ನಮ್ಮವರ ಮುಂದ ಹೇಳ್ಯಾರ," ಅಂದಳು.

ಎಳ್ಳು-ಬೆಲ್ಲ ಬಾಯಿಗೆ ಹೋಗಲಿಲ್ಲ. ಜೂನ್‌ನಲ್ಲಿ ನಾನು ವಿಭಾಗದ ಮುಖ್ಯಸ್ಥೆಯಾಗುವವಳಿದ್ದೆ. ನನ್ನನ್ನು ಕೇಳದೆ ನನ್ನ ನೌಕರಿ ಬಿಡಿಸಿ, ಊರಿಗೆಲ್ಲ ಸಾರಿ ಬಂದು, ಮನೆಯಲ್ಲಿ ಕಣ್ಣು ಹೊಗಳುತ್ತಿದ್ದರು ಪುಣ್ಯಾತ್ಮರು. ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಒಡಪಿನ ಸರದಿ ನನಗೇ ಬಂತು. ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಹೇಳಿದ ಮೇಲೆಯೇ ಕುಂಕುಮ. ಮರಾಠಿ ನೆರೆಯವರೂ ಉಖಾಣೆ, ಉಖಾಣೆ ಎಂದು ಹತ್ತಿರ ಸರಿದರು. ಕರೆದೊಯ್ಯಲು ಬಂದ ವಾದಿರಾಜರು ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಗುತ್ತ ನಿಂತಿದ್ದರು. ಅವರನ್ನೇ ನೋಡುತ್ತ ಹೇಳಿದೆ:

"ಕಣ್ಣು ಹೊಗಳಿದ್ರು, ಜಡಿ ಹೊಗಳಿದ್ರು, ನನ್ನ ಮಾತು ಕೇಳಲಿಲ್ಲ;
ವಾದಿರಾಜರು ಹುಬ್ಬಳ್ಳಿಗೆ ಹೋಗ್ಲಿ, ನಾ ನಾಗಪುರ ಬಿಡೂದಿಲ್ಲ."

ಯಾರೂ ನಗಲಿಲ್ಲ. ಕಲಾವತಿ ಮೆಲ್ಲಗೆ ಕುಂಕುಮ ಹಚ್ಚಿದಳು. ಅವರ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅವರು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ ನನ್ನತ್ತ ತಿರುಗಿದರು. ಇನ್ನು ಕಣ್ಣಿನ ಸುದ್ದಿ ಬರುತ್ತದೆ ಎಂದು ನಾನು ಕಾದೆ.

"ನಿನಗ ಏನ ಬೇಕು, ಪ್ರೇಮಾ?" ಅಂದರು.

ಇದರಲ್ಲೂ ಏನೋ ಇದ್ದೀತು ಎಂದು ಅನುಮಾನ ಬಂತು. ಆದರೂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.