ಏರಿಯ ಮೇಲಿನ ಹಳದಿ ಬಟ್ಟೆ

ಸೇಲಂನ ಒಂದು ಚರ್ಚಿನವರು ಎರಡು ವ್ಯಾನ್ ತುಂಬ ಬಂದು ನಮ್ಮ ಕೆರೆ ಏರಿಯ ಮೇಲೆ ಬೇವಿನ ಸಸಿ ನೆಟ್ಟರು. ಎಲ್ಲರ ಮೈಮೇಲೂ ಹಳದಿ ಟೀ ಶರ್ಟ್, ಬೆನ್ನಿಗೆ ತಮಿಳಿನಲ್ಲಿ 'ಭೂಮಿ ಕರ್ತನದು' ಎಂಬ ಬೈಬಲ್ ವಚನ. ಒಂದು ಸಸಿಗೆ ನಾಲ್ಕು ಜನ: ಹಿಡಿಯಲು ಒಬ್ಬರು, ಮಣ್ಣು ಮುಚ್ಚಲು ಒಬ್ಬರು, ಮಿಕ್ಕವರು ಫೋಟೋಗೆ. ದೇವರು ಮನುಷ್ಯನನ್ನು ತೋಟದಲ್ಲಿಟ್ಟಿದ್ದೇ ಅದನ್ನು ಕಾಯಲಿ ಎಂದು, ಅಂತ ಪಾಸ್ಟರ್ ಅಯ್ಯನವರು ಮೈಕಿನಲ್ಲಿ ಪ್ರಸಂಗ ಮಾಡಿದರು. ಪ್ರಸಂಗ ಉದ್ದವಾಗಿತ್ತು, ಗುಂಡಿಗಳು ಗೇಣು ಆಳವೂ ಇರಲಿಲ್ಲ. ಬಿರಿಯಾನಿ ತಿಂದು ತಟ್ಟೆಗಳನ್ನು ಕೆರೆಯೊಳಗೇ ಎಸೆದರು. ಮಿಕ್ಕ ಟೀ ಶರ್ಟಿನ ಮೂಟೆಯನ್ನು ವ್ಯಾನಿನಲ್ಲಿ ಜಾಗವಿಲ್ಲವೆಂದು ಜೀವಿತಾಳ ಮನೆಯಲ್ಲಿ ಬಿಟ್ಟು ಹೋದರು. ಭೂಮಿಯನ್ನು ಕಾಪಾಡಿ ಸುಸ್ತಾಗಿತ್ತು, ಪಾಪ.

ಜೀವಿತಾಳದು ನಮ್ಮೂರಿನ ಒಂದೇ ಒಂದು ಕ್ರೈಸ್ತರ ಮನೆ. ಪಕ್ಕದ ಪೆನ್ನಾಗರಂನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಈ ಚರ್ಚಿನವರನ್ನು ಇಲ್ಲಿಗೆ ಕರೆಸಿದ್ದೇ ಅವಳು. "ನಾ ಕಾಯ್ತೀನಿ ಅಯ್ಯಾ, ಸಾಯಕ್ಕೆ ಬುಡಲ್ಲ" ಎಂದು ಇಡೀ ಊರಿನ ಮುಂದೆ ಮಾತು ಕೊಟ್ಟಿದ್ದಳು. ಆ ಪ್ರಸಂಗವನ್ನು ನಂಬಿದವಳು ಅವಳೊಬ್ಬಳೇ.

ನನ್ನ ಟೀ ಅಂಗಡಿ ಏರಿಯ ತುದಿಯಲ್ಲೇ ಇರುವುದರಿಂದ ಎಲ್ಲವೂ ಕಣ್ಣಿಗೆ ಬೀಳುತ್ತಿತ್ತು. ಸಂಜೆ ಬಸ್ಸಿಳಿದು ಯೂನಿಫಾರ್ಮಿನಲ್ಲೇ ಕೊಡ ಹೊತ್ತು ನೀರು ಹಾಕುವುದು ಅವಳು, ಬೆಳಿಗ್ಗೆ ಬಂದು ಚಿಗುರು ಮೇಯುವುದು ನನ್ನ ಮೈದುನ ತಿಮ್ಮರಾಜುವಿನ ಮೇಕೆಗಳು.

"ಅಣ್ಣಾ, ಆ ಕಡೆ ಓಡಿಸ್ಕೊಂಡು ಓಗಣ್ಣಾ" ಎಂದು ಅವಳು ಕೇಳಿಕೊಂಡಳು.

"ಮೇಕೆಗೇನು ಗೊತ್ತಮ್ಮಾ, ಇದು ಏಸು ಸಾಮಿ ಸೊಪ್ಪು ಅಂತ" ಎಂದು ಅವನು ಹಲ್ಲು ಕಿರಿದ. ಊರೂ ನಕ್ಕಿತು.

ನಮ್ಮವರ ಭಕ್ತಿಯನ್ನು ಕೇಳಬೇಕೆ. ಬೇವೆಂದರೆ ಮಾರಿಯಮ್ಮ ಎಂದು ಕೈ ಮುಗಿಯುವ ಜನಕ್ಕೆ, ಚರ್ಚಿನವರು ನೆಟ್ಟ ಬೇವು ಬರೀ ಮೇವಾಯಿತು. ಅವರನ್ನು ಉಗಿಯಲೋ ಇವರನ್ನು ಉಗಿಯಲೋ ಎಂದು ನನಗೇ ತಿಳಿಯದಾಯಿತು.

ನಮ್ಮತ್ತೆ ಸಿದ್ದಲಕ್ಷ್ಮಮ್ಮ ಜೀವಿತಾಳಿಗೆ ದಾರಿ ಹೇಳಿಕೊಟ್ಟರು. "ಅರಿಶಿನ ಬಟ್ಟೆ ಕಟ್ಟು ಮಗಾ. ಆವಾಗ ಅದು ಅಮ್ಮನ ಗಿಡ. ಯಾವೋನು ಮೇಕೆ ಬುಡ್ತಾನೆ ನೋಡಾನ."

"ನಮ್ಮಲ್ಲಿ ಅದು ತಪ್ಪು ಅಜ್ಜೀ."

"ಅಂಗಾರೆ ಸಾಯ್ಲಿ ಬುಡು."

ಸತ್ತವು. ಏರಿಯ ನಡುವೆ ಕೆಲವು ಮಾತ್ರ ಉಳಿದವು. ನನಗೆ ತಡೆಯಲಾಗಲಿಲ್ಲ. ಅವಳು ಡ್ಯೂಟಿಗೆ ಹೋದ ಮೇಲೆ ಹಳೆಯ ಪಂಚೆ ಹರಿದು ಅರಿಶಿನದಲ್ಲಿ ಅದ್ದಿ ಉಳಿದವಕ್ಕೆಲ್ಲ ಕಟ್ಟಿಬಿಟ್ಟೆ. ಮರುದಿನ ತಿಮ್ಮರಾಜು ಚಪ್ಪಲಿ ಬಿಟ್ಟು, ಕೆನ್ನೆ ಬಡಿದುಕೊಂಡು, ಮೇಕೆಗಳನ್ನು ಕೆರೆಯ ಆಚೆಗೆ ಅಟ್ಟಿಕೊಂಡು ಹೋದ. ಜೀವಿತಾ ಸಂಜೆ ಬಂದು ನೋಡಿದಳು. ಬಿಚ್ಚಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನೀರು ಹಾಕಿ ಹೋದಳು.

ವರ್ಷ ತಿರುಗಿತು. ಬದುಕಿದ ಗಿಡಗಳ ಜೊತೆ ಫೋಟೋ ತೆಗೆಸಿಕೊಳ್ಳಲು ಪಾಸ್ಟರ್ ಮತ್ತೆ ಬಂದರು. ಬಟ್ಟೆ ಕಂಡದ್ದೇ ತಡ, ಇದು ವಿಗ್ರಹಾರಾಧನೆ ಎಂದು ತಮಿಳಿನಲ್ಲಿ ಗುಡುಗಿ, ನನ್ನ ಅಂಗಡಿಯ ಕತ್ತರಿಯನ್ನೇ ಇಸಿದುಕೊಂಡು ಒಂದೊಂದನ್ನೂ ಕತ್ತರಿಸಿದರು. ವರ್ಷವಿಡೀ ಒಂದು ಚೊಂಬು ನೀರು ಹಾಕದ ಕೈ ಬಟ್ಟೆ ಕತ್ತರಿಸುವಾಗ ಒಂದು ಗಿಡವನ್ನೂ ಮರೆಯಲಿಲ್ಲ.

ತಿಮ್ಮರಾಜು ಮೇಕೆಗಳ ಜೊತೆ ದೂರದಲ್ಲಿ ನಿಂತಿದ್ದ. "ಬಟ್ಟೆ ಓಯ್ತಲ್ಲ. ಅಪ್ಪುರಂ ಮೇಕೆ ಮೇಯ್ದ್ರೆ ನನ್ನ ಕೇಳ್ಬೇಡಿ" ಎಂದ.

ಜೀವಿತಾ ಮನೆಗೆ ಹೋಗಿ ಟೀ ಶರ್ಟಿನ ಮೂಟೆ ಹೊತ್ತು ತಂದಳು. ಅಯ್ಯನವರ ಕೈಯಿಂದಲೇ ಕತ್ತರಿ ತೆಗೆದುಕೊಂಡು, ಬೆನ್ನಿನ ಭಾಗವನ್ನು ಅಡ್ಡಡ್ಡ ಸೀಳಿ, ಅಕ್ಷರ ಹೊರಗೆ ಕಾಣುವಂತೆ ಗಿಡಗಳಿಗೆ ಕಟ್ಟತೊಡಗಿದಳು.

"ಎನ್ನಮ್ಮಾ ಇದು?" ಎಂದರು ಅಯ್ಯನವರು.

"ನಮ್ಮ ಚರ್ಚ್ ಸಬೆ ಬಟ್ಟೆ ಅಯ್ಯಾ. ವಚನ ಐತೆ."

ತಾವೇ ಆರಿಸಿ ಅಚ್ಚು ಹಾಕಿಸಿದ ವಚನಕ್ಕೆ ಏನು ಹೇಳುತ್ತಾರೆ. ಫೋಟೋದವನು ಸೂಪರ್ ಅಂದ ಮೇಲೆ ಅವರೂ ನಕ್ಕುಬಿಟ್ಟರು.

ತಿಮ್ಮರಾಜುವಿಗೆ ಓದು ಬಾರದು, ಆದರೆ ಹಳದಿ ಯಾವುದೆಂದು ಗೊತ್ತು. ಅವನು ಚಪ್ಪಲಿ ಬಿಟ್ಟು ಕೆನ್ನೆ ಬಡಿದುಕೊಂಡು ಮೇಕೆಗಳನ್ನು ತಿರುಗಿಸಿದ.

ಅಷ್ಟರಲ್ಲಿ ನಮ್ಮತ್ತೆ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ಮೊದಲನೆಯ ಗಿಡದ ಬಟ್ಟೆಗೆ, ಸರಿಯಾಗಿ 'ಕರ್ತ' ಎಂಬ ಪದದ ಮೇಲೆ, ಬೊಟ್ಟಿಟ್ಟು ಕೈ ಮುಗಿದರು. ಅಯ್ಯನವರು ನೋಡಿದರು. ಅವರು ನೋಡಿದ್ದನ್ನು ಜೀವಿತಾಳೂ ನೋಡಿದಳು.

ಅವಳು ಕತ್ತರಿಯನ್ನು ಅವರ ಮುಂದೆ ಚಾಚಿದಳು. "ಬೇಕಾ ಅಯ್ಯಾ?"

ಅಯ್ಯನವರು ಹೊತ್ತಾಯಿತೆಂದು ವ್ಯಾನ್ ಹತ್ತಿದರು. ಅವಳು ಕತ್ತರಿಯನ್ನು ನನಗೆ ಕೊಟ್ಟು, ಕೊಡ ಎತ್ತಿಕೊಂಡು ನೀರಿಗೆ ಹೋದಳು.